ತಿಪ್ಪೇಶಿ ತಂದ ಟ್ರಾನ್ಸಿಸ್ಟರ್

ಕೇಳುವವರು ಹೂಂಗುಟ್ಟುತ್ತಿರಬೇಕು, ನಡುವೆ ನಗು ಬಂದರೆ ನಕ್ಕುಬಿಡಿ, ಕೊನೆಗೆ ಬೈಯಬೇಡಿ. ಚಿತ್ರದುರ್ಗದಲ್ಲಿ ಓಬಳಮ್ಮ ಅಂತ ಒಬ್ಬಳು. ಮನೆಯಲ್ಲೇ ಕೂತು ದೂರದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೊ ಅಂದರೆ ಪ್ರಾಣ. ಲೈಸೆನ್ಸ್ ಪಡೆದು, ಸೆಟ್ಟನ್ನು ತಾನೇ ಕಟ್ಟಿಕೊಂಡು, ಹೊಸದುರ್ಗದ ಜೈಬುನ್ ಟೀಚರ್ ಜೊತೆ ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ಗಾಳಿಯಲ್ಲೇ ಮಾತಾಡುತ್ತಿದ್ದಳು. ಓಬಳಮ್ಮನ ಮಗ ತಿಪ್ಪೇಶಿ. ಮೂವತ್ತು ದಾಟಿದ ಆಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ತಾಯಿಗೆ ಅದೇ ದೊಡ್ಡ ಚಿಂತೆ. "ಹಾಲಿನ ಮೇಲೆ ಕಣ್ಣಿಟ್ಟಿರು" ಅಂದರೆ ಉಕ್ಕಿ ಹೋಗುವುದನ್ನೂ ಕಣ್ಣಿಟ್ಟು ನೋಡಿದವನು.

ಆ ವರ್ಷ ಓಬಳಮ್ಮ ಬಿದ್ದು ಸೊಂಟ ಮುರಿದುಕೊಂಡಳು. ಹಾಸಿಗೆಯಲ್ಲಿದ್ದಾಗಲೇ ಜೈಬುನ್ ಕಾರ್ಡು ಬಂತು. ಗಂಟಲಲ್ಲಿ ಗಡ್ಡೆಯಂತೆ, ಸೋಮವಾರ ಆಪರೇಷನ್ನಂತೆ, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. "ಭಾನುವಾರ ಹತ್ತು ಗಂಟೆಗೆ ಕಡೇ ಸಲ ಮಾತಾಡ್ತೀನಿ ಓಬಳಾ, ಕೇಳಿಸ್ಕೊ" ಎಂದು ಬರೆದಿದ್ದಳು. ಕೇಳಿಸಿಕೊಳ್ಳುವುದು ಹೇಗೆ? ಇಬ್ಬರ ಮನೆಯಲ್ಲೂ ಫೋನಿಲ್ಲ. ಜೈಬುನ್ ಮನೆಯ ಆಂಟೆನಾ ಬಿರುಗಾಳಿಗೆ ಮುರಿದ ಮೇಲೆ ಅವಳ ಮಾತು ಗೊರಗೊರ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಸಣ್ಣ ದನಿಯನ್ನು ಎತ್ತಿಕೊಡುವ ಪ್ರಿಆಂಪ್ಲಿಫೈಯರ್ ಒಂದನ್ನು ಓಬಳಮ್ಮ ಮಲಗಿದಲ್ಲೇ ಕಟ್ಟತೊಡಗಿದಳು. ಎಲ್ಲ ಇತ್ತು, ಟ್ರಾನ್ಸಿಸ್ಟರ್ ಒಂದಿರಲಿಲ್ಲ.

"ತಿಪ್ಪೇಶಿ, ಮಾಬುಸಾಬರ ರಿಪೇರಿ ಅಂಗಡಿಗೆ ಹೋಗಿ ಒಂದು ಟ್ರಾನ್ಸಿಸ್ಟರ್ ತಾ. ಗದ್ದಲ ಕಮ್ಮಿ ಇರೋದು ನೋಡಿ ತಾ."

"ಆಗ್ಲಮ್ಮ."

ಹೋದ, ಬಂದ. ಕಂಕುಳಲ್ಲಿ ಹಾಡು ಕೇಳುವ ಒಂದು ಹಳೇ ಟ್ರಾನ್ಸಿಸ್ಟರ್ ರೇಡಿಯೊ.

"ಗದ್ದಲ ಕಮ್ಮಿ ಏನಮ್ಮ, ಇಲ್ಲವೇ ಇಲ್ಲ. ಎಷ್ಟು ತಿರುಗಿಸಿದ್ರೂ ಪಿಟ್ ಅನ್ನಲ್ಲ."

"ಪೆದ್ದಪ್ಪ, ಇದಲ್ಲ ಕಣೋ. ಇದರ ಹೊಟ್ಟೆಯೊಳಗೆ ಇರೋದು. ಕಡಲೆಕಾಳಿನಷ್ಟು ಇರುತ್ತೆ, ಮೂರು ಕಾಲು ಇರುತ್ತೆ. ಎಣಿಸಿ ತಾ, ಮೂರೇ ಇರಬೇಕು."

"ಆಗ್ಲಮ್ಮ."

ಶುಕ್ರವಾರ ಹೋದ. ಮಾಬುಸಾಬರು ಡಬ್ಬಿಯೆಲ್ಲ ತಡಕಿ ಒಂದನ್ನು ತೆಗೆದುಕೊಟ್ಟರು. "ನಿಮ್ಮಮ್ಮನ ಕೆಲಸಕ್ಕೆ ಇದೇ ಆಗಬೇಕು. ನನ್ನ ಹತ್ರ ಬಿಡಿ ಇರೋದು ಇದೊಂದೇ." ತಿಪ್ಪೇಶಿ ದಾರಿಯಲ್ಲಿ ನಿಂತು ಎಣಿಸಿದ. ನಾಲ್ಕು. ಇನ್ನೊಮ್ಮೆ ಎಣಿಸಿದ. ಆಗಲೂ ನಾಲ್ಕು.

"ಮೂರೇ ಇದೆ ನೋಡಮ್ಮ. ಒಂದು ಜಾಸ್ತಿ ಇತ್ತು, ಕಿತ್ತು ಬಿಸಾಕ್ದೆ."

ಓಬಳಮ್ಮ ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ಗದ್ದಲ ತೀರ ಕಮ್ಮಿ ಇರುವ ಜಾತಿಗೆ ನಾಲ್ಕು ಕಾಲಿರುತ್ತದೆಂದು ಅವಳಿಗೆ ಗೊತ್ತಿತ್ತು, ಹೇಳಲು ಮರೆತಿದ್ದಳು. ತನ್ನ ಮೇಲಿನ ಸಿಟ್ಟನ್ನು ಮಗನ ಮೇಲೆ ತೀರಿಸಿಕೊಂಡಳು.

"ಯಾರು ಕೀಳು ಅಂದ್ರು ನಿಂಗೆ? ಇನ್ಮೇಲೆ ಏನನ್ನೂ ಕೀಳಬೇಡ, ಕೀಳೋಕೂ ಬಿಡಬೇಡ. ಎಲ್ಲಿ ಹೆಂಗಿದೆಯೋ ಹಂಗೇ ತಾ."

"ಆಗ್ಲಮ್ಮ."

ಶನಿವಾರ ಮಾಬುಸಾಬರು ಒಂದು ಕೆಟ್ಟ ಟೀವಿ ತೋರಿಸಿದರು. "ಇದರ ಟ್ಯೂನರಲ್ಲಿ ಅಂಥದೇ ಒಂದಿದೆ. ತಾಳು, ಕಿತ್ತುಕೊಡ್ತೀನಿ."

"ಕೀಳಬೇಡಿ ಸಾಬ್ರೇ, ಅಮ್ಮ ಬೈತಾಳೆ."

ಟೀವಿಯನ್ನು ತಲೆಯ ಮೇಲೆ ಹೊತ್ತು ಏರುದಾರಿಯೆಲ್ಲ ನಡೆದು ಬಂದ. ಕತ್ತು ಒಂದು ಕಡೆಗೆ ವಾಲಿತ್ತು, ಅಂಗಿ ಬೆವರಿಗೆ ಅಂಟಿತ್ತು. ಓಬಳಮ್ಮನಿಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ನಾನು ಹೋದ ಮೇಲೆ ಇವನಿಗೆ ಯಾರು ಹೇಳುತ್ತಾರೆ, ಯಾರು ಬೈಯುತ್ತಾರೆ ಎನಿಸಿತು.

"ಇಡೀದನ್ನ ಯಾಕೋ ಹೊರ್ತೀಯ ಮಗನೆ? ನಿಂಗೆ ಯಾವುದು ಬೇಕೋ ಅದನ್ನಷ್ಟೇ ಇಟ್ಕೊ, ಮಿಕ್ಕಿದ್ದು ಬಿಟ್ಬಿಡು."

"ಆಗ್ಲಮ್ಮ."

ಟೀವಿಯಿಂದ ಅದನ್ನು ಬಿಡಿಸಿ ಬೆಸುಗೆ ಹಾಕಿದಳು. ಭಾನುವಾರ ಬೆಳಿಗ್ಗೆ ಟೇಪ್ ರೆಕಾರ್ಡರನ್ನು ಮಗನ ಮಡಿಲಲ್ಲಿಟ್ಟು, "ಮಾತು ಶುರುವಾದ ಕೂಡಲೇ ಈ ಗುಂಡಿ ಒತ್ತು" ಎಂದಳು. ಹತ್ತಕ್ಕೆ ಸರಿಯಾಗಿ, ಗೊರಗೊರದ ಮೇಲೆ ತೇಲಿಕೊಂಡು ಜೈಬುನ್ ಬಂದಳು. ರೇಡಿಯೊದಲ್ಲಿ ಒಬ್ಬರು ಮಾತಾಡಿ "ಓವರ್" ಅಂದ ಮೇಲೆ ಇನ್ನೊಬ್ಬರ ಸರದಿ. ಹಾಗೆ ಸರದಿ ಸರದಿಯಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ಕಡೆಗೆ ಜೈಬುನ್ ಅಂದಳು, "ಮೂವತ್ತು ವರ್ಷ ಹಾಜರಿ ಕೂಗಿದ ಗಂಟಲು ಕಣೇ ಇದು. ಇನ್ನೊಂದೇ ಒಂದು ಹೆಸರು ಕೂಗ್ತೀನಿ. ಓಬಳಮ್ಮ. ಓವರ್."

"ಹಾಜರ್, ಟೀಚರ್" ಎಂದಳು ಓಬಳಮ್ಮ.

ಮಾರನೆಯ ದಿನ, ಅಲ್ಲಿ ಆಪರೇಷನ್ ನಡೆಯುವ ಹೊತ್ತಿಗೆ, ಟೇಪು ಹಾಕು ಎಂದಳು. ಹಾಕಿದ. "ಕೇಳಿಸ್ತಾ ಇದೆ, ಹೇಳೇ" ಎಂದಿತು ಟೇಪು. ಓಬಳಮ್ಮನದೇ ದನಿ. ಟಕ್. "ಹೌದಾ? ಆಮೇಲೆ?" ಮತ್ತೆ ಅವಳದೇ. ಟಕ್. ಅವಳದೇ ನಗು. ಜೈಬುನ್ ಎಲ್ಲೂ ಇಲ್ಲ.

"ಜೈಬುನ್ ಮಾತೆಲ್ಲೋ?"

"ಅವರು ಮಾತಾಡುವಾಗ ನಿಲ್ಲಿಸ್ತಿದ್ದೆ. ನೀನು ಶುರು ಮಾಡಿದ ಕೂಡಲೇ ಒತ್ತುತ್ತಿದ್ದೆ. ಬೇಕಾದ್ದನ್ನಷ್ಟೇ ಇಟ್ಕೊ ಅಂದಿದ್ಯಲ್ಲಮ್ಮ. ನಂಗೆ ನಿನ್ನ ದನಿ ಬೇಕಿತ್ತು."

ಬೈಯಲೆಂದು ಬಾಯಿ ತೆರೆದ ಓಬಳಮ್ಮ, ಗುಂಡಿಯ ಮೇಲಿದ್ದ ಅವನ ಬೆರಳನ್ನು ಹಿಡಿದುಕೊಂಡಳು. ಈ ಸಲ ಹೊಸದಾಗಿ ಹೇಳಿಕೊಡಲು ಏನೂ ಇರಲಿಲ್ಲ. ಟೇಪು ಓಡುತ್ತಲೇ ಇತ್ತು. ಅದರಲ್ಲಿ, ಯಾರೂ ಹೆಸರು ಕೂಗದೆ ಅವಳೊಬ್ಬಳೇ "ಹಾಜರ್, ಟೀಚರ್" ಎಂದಳು.