ಹಗ್ಗ ಹಿಡಿದವನು

ಶಿಷ್ಯನೊಬ್ಬ ಗುರುಗಳ ಮುಂದೆ ಬಂದು ಕುಳಿತ. "ಗುರುಗಳೇ, ಅಡುಗೆಯವನ ಮೇಲೆ ಸುಳ್ಳು ದೂರು ಹೇಳಿದ್ದೆ. ನಿನ್ನೆ ನಿಮ್ಮಲ್ಲಿ ಒಪ್ಪಿಕೊಂಡೆ. ನೀವೂ ಆಯಿತು ಬಿಡು ಎಂದಿರಿ. ಆದರೂ ಹೆದರಿಕೆ ಹೋಗಿಲ್ಲ. ಏಕೆ?" ಎಂದು ಕೇಳಿದ.

"ನಿನ್ನ ಹೆದರಿಕೆ ಹಾಗಿರಲಿ. ನಿನಗಿಂತ ಹೆಚ್ಚು ಹೆದರಿದವನೊಬ್ಬನ ಕತೆ ಕೇಳು" ಎಂದು ಗುರುಗಳು ಶುರು ಮಾಡಿದರು.

ದ್ವೀಪಗಳ ನಡುವಿನ ಕಡಲಿನಲ್ಲಿ ಮುಳುಗಿ ಶಂಖ ತೆಗೆದು ಬದುಕುವವನೊಬ್ಬನಿದ್ದ. ಅಲ್ಲಿ ಒಂದು ಪದ್ಧತಿ. ಮುಳುಗುವವನ ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ. ಅದರ ಇನ್ನೊಂದು ತುದಿಯನ್ನು ದೋಣಿಯಲ್ಲಿ ಅವನ ಹೆಂಡತಿಯ ತಮ್ಮನೇ ಹಿಡಿಯಬೇಕು. ಅಕ್ಕ ವಿಧವೆಯಾಗುವುದನ್ನು ಯಾವ ತಮ್ಮನೂ ಬಯಸುವುದಿಲ್ಲ ಎಂಬ ನಂಬಿಕೆ. ಒಳ್ಳೆಯ ನಂಬಿಕೆಯೇ. ಆದರೆ ಆ ಅಕ್ಕನಿಗೆ ಗಂಡ ಹೊಡೆದರೆ ಏನಾದೀತು ಎಂದು ಪದ್ಧತಿ ಮಾಡಿದ ಹಿರಿಯರು ಯೋಚಿಸಿದಂತಿಲ್ಲ.

ಒಂದು ಬೆಳಿಗ್ಗೆ ಗಂಜಿ ಆರಿಹೋಗಿತ್ತೆಂದು ಅವನು ಹೆಂಡತಿಯ ಕೆನ್ನೆಗೆ ಹೊಡೆದ. ಹೊಡೆದು ಕಡಲಿಗೆ ಹೊರಟ. ದೋಣಿ ನೂಕುವ ಹೊತ್ತಿಗೆ ಅವಳು ಬುತ್ತಿ ತಂದಳು. ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡಿದ್ದಳು. ಬುತ್ತಿಯನ್ನು ತಮ್ಮನ ಕೈಗೆ ಕೊಟ್ಟು, ಅವನಿಗೆ ಏನೋ ಹೇಳಿ ಹೋದಳು. ಗಂಡನಿಗೆ ಅದು ಕೇಳಿಸಲಿಲ್ಲ.

ಹಾಯಿ ಎತ್ತಿದರು. ಎರಡು ದ್ವೀಪ ದಾಟಿದರೂ ತಮ್ಮ ಮಾತಾಡಲಿಲ್ಲ. ಅವನು ಮೊದಲಿನಿಂದಲೂ ಮಾತು ಕಡಿಮೆಯವನು, ಆದರೆ ಆ ದಿನ ಭಾವನಿಗೆ ಹಾಗೆನಿಸಲಿಲ್ಲ. ಹವಳದ ದಿಬ್ಬದ ಬಳಿ ಲಂಗರು ಬಿಟ್ಟರು. ಊರಿನ ಕಡೆಗೆ ಗಾಳಿ ತಿರುಗುವುದು ಸಂಜೆಗೆ. ಅಲ್ಲಿಯವರೆಗೆ ಹಿಂದಿರುಗುವಂತಿರಲಿಲ್ಲ.

ಭಾವ ಕಣ್ಣಿಗೆ ಗಾಜು ಕಟ್ಟಿಕೊಂಡು, ಬಾಯಲ್ಲಿ ಉಸಿರಾಡುವ ಕೊಳವೆ ಕಚ್ಚಿ, ಮುಖ ಕೆಳಗೆ ಮಾಡಿ ನೀರಿನ ಮೇಲೆ ತೇಲಿದ. ಶಂಖ ಎಲ್ಲಿದೆ ಎಂದು ಹೀಗೆ ಮೊದಲು ನೋಡಿಕೊಳ್ಳುವುದು ರೂಢಿ. ಹಳದಿ ಮೀನು, ನೀಲಿ ಮೀನು ಕೆಳಗೆ ಸುಳಿದಾಡುತ್ತಿದ್ದವು. ಶಂಖವೂ ಕಂಡಿತು. ಆದರೂ ಅವನು ಇಳಿಯದೆ ಬಹಳ ಹೊತ್ತು ತೇಲುತ್ತಲೇ ಇದ್ದ. ಕೊನೆಗೆ ನಾಚಿಕೆಯಾಗಿ, ಕೊಳವೆ ಬಿಟ್ಟು, ಭಾರಕ್ಕೆ ಕಲ್ಲು ಹಿಡಿದು ಮುಳುಗಿದ.

ಎಂಟು ಮಾರು ಆಳ. ಶಂಖಗಳನ್ನು ಚೀಲಕ್ಕೆ ತುಂಬಿ ಹಗ್ಗ ಜಗ್ಗಿದ. ಮೇಲಿನಿಂದ ಯಾರೂ ಎಳೆಯಲಿಲ್ಲ. ಮತ್ತೆ ಜಗ್ಗಿದ. ಎಳೆಯಲಿಲ್ಲ. ಎದೆ ಒಡೆಯುವಂತಾಯಿತು. ಅವಳು ಹೇಳಿಬಿಟ್ಟಿದ್ದಾಳೆ, ಇವನು ಕೈಬಿಟ್ಟ ಎಂದುಕೊಂಡ. ಸಾಯುವ ಭಯ ಎಂದರೇನೆಂದು ಅವನಿಗೆ ಆಗ ತಿಳಿಯಿತು. ಅಷ್ಟರಲ್ಲಿ ಹಗ್ಗ ಬಿಗಿಯಾಗಿ ಅವನನ್ನು ಮೇಲಕ್ಕೆ ಎಳೆಯಿತು.

ದೋಣಿಯ ಅಂಚು ಹಿಡಿದವನು ಉಸಿರು ಮರಳುವ ಮೊದಲೇ ಬೇಡಿಕೊಂಡ. "ತಪ್ಪಾಯಿತು ಮಾರಾಯ. ಕೋಪದಲ್ಲಿ ನಿನ್ನ ಅಕ್ಕನ ಮೇಲೆ ಕೈ ಮಾಡಿದೆ. ಕ್ಷಮಿಸಿಬಿಡು."

ತಮ್ಮ ಅವನ ಮುಖವನ್ನೇ ನೋಡಿದ. "ಹಗ್ಗ ಹವಳಕ್ಕೆ ಸಿಕ್ಕಿಕೊಂಡಿತ್ತು ಭಾವ, ಬಿಡಿಸುವುದಕ್ಕೆ ಹೊತ್ತಾಯಿತು. ಅಕ್ಕ ಹಲ್ಲುನೋವು ಅಂದಳು. ಹಗ್ಗ ಹುಷಾರಾಗಿ ಹಿಡಿ ಅಂದಳು. ಬೇರೇನೂ ಹೇಳಲಿಲ್ಲ."

ತಮ್ಮ ಶಂಖಗಳನ್ನು ಬುಟ್ಟಿಗೆ ಸುರಿದು ಬರಿ ಚೀಲವನ್ನು ಭಾವನ ಕೈಗೆ ಕೊಟ್ಟ. ಹಗ್ಗದ ತುದಿಯನ್ನು ತನ್ನ ಕೈಗೆ ಸುತ್ತಿಕೊಂಡ.

"ಗಾಳಿ ತಿರುಗುವುದಕ್ಕೆ ಇನ್ನೂ ಹೊತ್ತಿದೆ. ಇಳಿಯಿರಿ ಭಾವ" ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಅವನು ಇಳಿದನೇ? ಇಳಿದವನನ್ನು ತಮ್ಮ ಮೇಲೆ ಎಳೆದನೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಏಟು ತಿಂದವಳು ದಡದಲ್ಲಿದ್ದಳು, ಅವನು ಕ್ಷಮೆ ಕೇಳಿದ್ದು ಹಗ್ಗ ಹಿಡಿದವನಲ್ಲಿ, ನೀನು ನನ್ನ ಹತ್ತಿರ ಏಕೆ ಬಂದೆ?"