ಮುಳ್ಳಪ್ಪ ಕಂಡುಹಿಡಿದ ಬೇರು

ಮಕ್ಕಳೇ, ಬತ್ತುತ್ತಾ ಬಂದ ಒಂದು ಕೆರೆ, ಅದರ ಸುತ್ತ ಕುರುಚಲು ಕಾಡು. ಅಲ್ಲಿ ಚಿತ್ತಾರಿ ಎಂಬ ಜಿಂಕೆ ತನ್ನ ಮರಿ ಬುಗುರಿಯ ಜೊತೆ ಇದ್ದಳು. ಆ ಬೇಸಿಗೆಯಲ್ಲಿ ಕೆರೆಯ ಕೆಸರು ತುಳಿದವರ ಕಾಲಿಗೆಲ್ಲ ಹುಣ್ಣು ಹತ್ತಿತು. ಬುಗುರಿ ಎದ್ದು ನಿಂತರೆ ಕುಸಿಯುತ್ತಿತ್ತು. ಜಿಂಕೆಗಳ ಹಿಂಡೋ ನೀರು ಹುಡುಕಿಕೊಂಡು ಹೊಳೆಯ ಕಡೆಗೆ ಹೊರಡುವುದರಲ್ಲಿತ್ತು. ನಡೆಯಲಾಗದ ಮರಿ ಹಿಂದೆ ಉಳಿದರೆ ಚಿರತೆಯ ಪಾಲು.

ಅಷ್ಟರಲ್ಲಿ ಸುದ್ದಿ ಬಂತು. ಮುಳ್ಳುಹಂದಿ ಮುಳ್ಳಪ್ಪ ಮದ್ದು ಕಂಡುಹಿಡಿದಿದ್ದಾನಂತೆ! ಅವನು ಒಂದು ಬೇರು ಕಡಿಯುವಾಗ ಅದರ ರಸದ ಒಂದು ತೊಟ್ಟು ಪಕ್ಕದಲ್ಲಿದ್ದ ಇಲಿಯ ಹುಣ್ಣಿಗೆ ಸಿಡಿದು, ಹುಣ್ಣು ಒಣಗಿಯೇ ಹೋಯಿತಂತೆ.

ಚಿತ್ತಾರಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಅಲ್ಲಿ ನೋಡಿದರೆ ಸನ್ಮಾನ! ಗೊರವಂಕ ಹಕ್ಕಿಯ ನಿರೂಪಣೆ ಬೇರೆ. ಮುಳ್ಳಪ್ಪನಿಗೆ ಶಾಲಿನ ಬದಲು ಮುತ್ತುಗದ ಎಲೆ ಹೊದಿಸಿದ್ದರು; ಅದೂ ಮುಳ್ಳಿಗೆ ಸಿಕ್ಕಿ ಚಿಂದಿಯಾಗಿತ್ತು.

"ಮುಳ್ಳಪ್ಪಣ್ಣ, ಮದ್ದು ಕೊಡಣ್ಣ. ಮಗು ಒದ್ದಾಡ್ತಿದೆ."

"ಕಂಡುಹಿಡಿದಾಯ್ತಲ್ಲಮ್ಮ! ಇನ್ನೇನು ಚಿಂತೆ?"

"ಹಚ್ಚೋದು ಹೇಗೆ? ಎಷ್ಟು?"

"ಅದೆಲ್ಲ ಸಣ್ಣಪುಟ್ಟ ಕೆಲಸ. ಯಾರಾದ್ರೂ ಮಾಡ್ತಾರೆ. ಸರಿ, ದಾರಿ ಬಿಡು. ಆಲದ ಮರದ ಕೆಳಗೆ ನಂದು ಭಾಷಣ ಇದೆ."

ಆ 'ಯಾರಾದರೂ' ಯಾರು ಎಂದು ಚಿತ್ತಾರಿ ಕಾಡೆಲ್ಲ ವಿಚಾರಿಸಿದಳು.

"ಕಂಡುಹಿಡಿದವನನ್ನೇ ಕೇಳಕ್ಕ" ಎಂದಿತು ಕೋತಿ.

"ಮದ್ದು ಸಿಕ್ತಲ್ಲ, ಇನ್ನೂ ಯಾಕೆ ಅಳುಮುಖ?" ಎಂದಿತು ಮೊಲ.

ಕೊನೆಗೆ ಆ ಇಲಿಯನ್ನು ಕೇಳಿ ಅವಳೇ ಬೇರು ಕೆದಕಿ ತೆಗೆದಳು. ಅದೋ ಕಲ್ಲಿನಂಥ ಬೇರು! ಕಚ್ಚಿದರೆ ಹಲ್ಲು ನೋಯಿತು. ಗೊರಸಿನಿಂದ ಜಜ್ಜಿದರೆ ಚಿಮ್ಮಿ ಪೊದೆಯೊಳಗೆ ಬಿತ್ತು. ಅದಕ್ಕೆ ಮುಳ್ಳುಹಂದಿಯ ಹಲ್ಲೇ ಬೇಕು. ಆ ಹಲ್ಲುಗಳೋ, ಊರೆಲ್ಲ ಭಾಷಣ ಮಾಡುತ್ತ ತಿರುಗುತ್ತಿದ್ದವು. 'ಇವನ ಭಾಷಣಕ್ಕಿಷ್ಟು ಬೆಂಕಿ ಬೀಳ!' ಎಂದು ಗೊಣಗಿಕೊಂಡು ಚಿತ್ತಾರಿ ಮರಿಯ ಕಾಲು ನೆಕ್ಕುತ್ತ ಕೂತಳು.

ಸನ್ಮಾನದಿಂದ ಸನ್ಮಾನಕ್ಕೆ ಅದೇ ಕೆಸರು ತುಳಿದು ಓಡಾಡಿದ ಮುಳ್ಳಪ್ಪನನ್ನು ಹುಣ್ಣು ಬಿಡುತ್ತದೆಯೇ? ಒಂದು ಬೆಳಿಗ್ಗೆ ಅವನು ಬಿಲದ ಬಾಯಲ್ಲಿ ಬಿದ್ದು ಅರಚತೊಡಗಿದ. ಸದ್ದು ಕೇಳಿ ಚಿತ್ತಾರಿ ಬಂದಳು.

"ಚಿತ್ತಾರಕ್ಕಾ! ಮದ್ದೆಲ್ಲಿ?"

"ಕಂಡುಹಿಡಿದಾಯ್ತಲ್ಲಣ್ಣ! ಇನ್ನೇನು ಚಿಂತೆ?"

"ತಮಾಷೆ ಬೇಡ ಕಣೇ, ಜೀವ ಹೋಗ್ತಿದೆ."

"ಮದ್ದು ಎಲ್ಲೂ ಇಲ್ಲ. ಬೇರು ಇದೆ, ಮಣ್ಣೊಳಗೆ. ನಾನು ಕೆದಕಿ ತರ್ತೀನಿ, ನೀನು ಅಗಿ."

ಮುಳ್ಳಪ್ಪ ಅಗಿದ. ಅಗಿದದ್ದನ್ನು ಎತ್ತಿಕೊಂಡು ಚಿತ್ತಾರಿ ಮರಿಯತ್ತ ಓಡಲು ಹೊರಟರೆ, "ಮೊದಲು ನನಗೆ! ನನಗೆ!" ಎಂದು ಅವನು ರಂಪ ಮಾಡಿದ. ಹಾಳಾಗಲಿ ಎಂದು ಅವನ ಕಾಲಿಗೇ ಹಚ್ಚಿದಳು. "ಅಯ್ಯಯ್ಯೋ, ಸುಟ್ಟೇಹೋಯ್ತು!" ಎಂದು ಮುಳ್ಳಪ್ಪ ಚೀರಿದ. ಕಾಲಿನ ಚರ್ಮ ಬೊಬ್ಬೆ ಎದ್ದಿತು.

ಚಿತ್ತಾರಿ ಉಳಿದದ್ದನ್ನು ದೂರ ತಳ್ಳಿದಳು. ಇದನ್ನೇ ಬುಗುರಿಗೆ ಹಚ್ಚಿದ್ದರೆ?

ಅಂದಿನಿಂದ ಇಬ್ಬರೂ ಮದ್ದು ಹದ ಮಾಡಲು ಕೂತರು. ನೀರು ಬೆರೆಸಿದರು, ಹರಿದು ಹೋಯಿತು. ಮಣ್ಣು ಬೆರೆಸಿದರು; ಉದುರಿತು. ಬೇಲದ ಮರದ ಅಂಟು ಬೆರೆಸಿದಾಗ ಮದ್ದು ಅವನ ಕಾಲಿಗೆ ಹಿಡಿಯಿತು, ಉರಿಯಲಿಲ್ಲ. ಮುಳ್ಳಪ್ಪನ ಹುಣ್ಣು ಮಾಯ್ದ ಮೇಲೆ ಚಿತ್ತಾರಿ ತನ್ನ ಗೊರಸಿನ ಮೇಲಿನ ಚರ್ಮಕ್ಕೆ ಹಚ್ಚಿ ನೋಡಿಕೊಂಡಳು. ಆಮೇಲೆ ಅದರಲ್ಲಿ ಕಾಲು ಪಾಲನ್ನು ಮರಿಗೆ ಹಚ್ಚಿದಳು.

"ಇನ್ನು ಕಾಯೋಕೆ ಆಗಲ್ಲ ತಾಯಿ" ಎಂದು ಹಿಂಡಿನ ಹಿರಿಯ ಬಂದು ನಿಂತಾಗ ಬುಗುರಿ ಕುಂಟುತ್ತಲೇ ಎದ್ದು ನಾಲ್ಕು ಹೆಜ್ಜೆ ಇಟ್ಟಿತು. ಬೀಳಲಿಲ್ಲ. ಹಿರಿಯ ಇನ್ನೆರಡು ದಿನ ಕಾಯಲು ಒಪ್ಪಿದ.

ಸುದ್ದಿ ಕೇಳಿ ಬಿಲದ ಮುಂದೆ ಕುಂಟುವವರ ಸಾಲು ನಿಂತಿತು. ಮುಳ್ಳಪ್ಪನ ಎದೆ ಉಬ್ಬಿತು. ಸಾಲಿನ ಮುಂದಿದ್ದ ಕಡವೆ ತಾಯಿಯನ್ನು, "ಬಾರಮ್ಮ, ಮರಿ ಎಲ್ಲಿ? ಮೊದಲು ಅದಕ್ಕೇ ಹಚ್ಚೋಣ" ಎಂದು ಕರೆದ.

"ಮೊನ್ನೆ ಚಿರತೆ ಬಂದಿತ್ತು" ಎಂದಳು ಕಡವೆ.

ಮುಳ್ಳಪ್ಪ ತಲೆ ತಗ್ಗಿಸಿದ. ಚಿತ್ತಾರಿ ಅವನ ಮುಂದೆ ಒಂದು ಬೇರು ತಳ್ಳಿದಳು.

"ಅಗಿಯಣ್ಣ. ಸಾಲು ಉದ್ದ ಇದೆ."

ನೀತಿ: ಮದ್ದು ಕಂಡುಹಿಡಿದ ಮಾತ್ರಕ್ಕೆ ರೋಗ ವಾಸಿಯಾಗದು, ಅದನ್ನು ಪರೀಕ್ಷಿಸಿ, ಹದ ಮಾಡಿ, ನೋಯುವವರಿಗೆ ಮುಟ್ಟಿಸುವವರೆಗೂ ಕೆಲಸ ಮುಗಿದಿಲ್ಲ.