ಅರೆಸುತ್ತಿನ ಬುರುಜು

ಕರೇಗಲ್ಲು ಊರಿನ ಪಡುವಣಕ್ಕೆ, ಗುಡ್ಡ ಇಳಿದು ನೆಲ ಸಮತಟ್ಟಾಗುವ ಕಡೆ, ಒಂಟಿ ಬುರುಜೊಂದು ನಿಂತಿದೆ. ಅದರ ಎರಡೂ ಮಗ್ಗುಲಿನ ಕೋಟೆಗೋಡೆ ಎಂದೋ ಬಿದ್ದುಹೋಗಿ, ಕಲ್ಲುಗಳು ಊರಿನ ಜಗಲಿ ಕೊಟ್ಟಿಗೆಗಳಿಗೆ ಸೇರಿಕೊಂಡಿವೆ. ಇದಕ್ಕೆ ಅರೆಸುತ್ತಿನ ಬುರುಜು ಎಂದು ಹೆಸರು. ಅರ್ಧ ದುಂಡಗೆ ಕಟ್ಟಿರುವುದರಿಂದ ಈ ಹೆಸರು ಬಂದಿರಬೇಕೆಂದು ನೋಡಬಂದವರು ತಿಳಿಯುತ್ತಾರೆ. ಊರಿನ ಹಿರಿಯರು ಒಪ್ಪುವುದಿಲ್ಲ. ಅದು ಕಟ್ಟಡದಿಂದ ಬಂದ ಹೆಸರಲ್ಲ, ಒಂದು ಎತ್ತಿನ ನಡಿಗೆಯಿಂದ ಬಂದದ್ದು ಎನ್ನುತ್ತಾರೆ.

ಹಿಂದೆ ಪಾಳೆಯಗಾರರ ಕಾಲದಲ್ಲಿ ಆ ಜಾಗದಲ್ಲಿ ಗಾಣಿಗರ ನುಂಕಪ್ಪನ ಮನೆಯಿತ್ತಂತೆ. ಮನೆ ಸಣ್ಣದು, ಅಂಗಳ ದೊಡ್ಡದು. ಅಂಗಳದ ನಡುವೆ ಹಾಸುಬಂಡೆಯಲ್ಲೇ ಕೊರೆದ ಎಣ್ಣೆಗಾಣ. ಅವನ ಮುತ್ತಜ್ಜ ಕೊರೆಸಿದ್ದು. ಕಿತ್ತು ಬೇರೆಡೆಗೆ ಒಯ್ಯುವಂಥದ್ದಲ್ಲ. ಎತ್ತು ಗಾಣ ಸುತ್ತುತ್ತಿದ್ದರೆ ನುಂಕಪ್ಪ ಎಳ್ಳು ಹೊಯ್ಯುವನು, ಹೆಂಡತಿ ಸೂರಮ್ಮ ಎಣ್ಣೆ ಬಸಿಯುವಳು. ಸುತ್ತಲ ಹಳ್ಳಿಗಳ ಒಗ್ಗರಣೆಗೂ ದೀಪಕ್ಕೂ ಅಲ್ಲಿಯದೇ ಎಣ್ಣೆ. ಹೀಗಿರಲು ಪಡುವಣ ಸೀಮೆಯ ದಂಡು ಏರಿಬರುವುದೆಂದು ಸುದ್ದಿ ಹಬ್ಬಿತು. ನಾಯಕ ಊರಿಗೆ ಹೊರಗೋಟೆ ಕಟ್ಟಲು ಅಪ್ಪಣೆ ಕೊಟ್ಟ. ನೂಲು ಹಿಡಿದು ಗುರುತು ಹಾಕಿದಾಗ ಬುರುಜಿನ ಹಿಂಬದಿ ನುಂಕಪ್ಪನ ಅಂಗಳದೊಳಗೆ, ಎತ್ತು ಗಾಣ ಸುತ್ತುವ ಹಾದಿಗೇ ಅಡ್ಡವಾಗಿ ಬಂತು.

ನಾಯಕನೇನೂ ಸುಲಿಗೆಕೋರನಲ್ಲ. ಯಾರ ನೆಲವನ್ನೂ ಪುಕ್ಕಟೆ ತೆಗೆದುಕೊಳ್ಳಕೂಡದೆಂದು ಪಾರುಪತ್ಯಗಾರ ತಿಮ್ಮಣ್ಣಯ್ಯನಿಗೆ ಹೇಳಿದ್ದ. ತಿಮ್ಮಣ್ಣಯ್ಯ ಊರಗೌಡನನ್ನೂ ಹಿರಿಯರನ್ನೂ ಕೂರಿಸಿಕೊಂಡು, ಕೋಲು ಹಾಕಿಸಿ ಅಳೆದ. ಹೋಗುವುದು ಒಂದು ಎತ್ತು ನಿಲ್ಲುವಷ್ಟು ಅಗಲದ ಪಟ್ಟಿ. ಅದಕ್ಕೆ ಬದಲಾಗಿ ಕೆರೆಯ ಕೆಳಗೆ ಅದರ ಎರಡರಷ್ಟು ನೆಲ ಕೊಡುವುದೆಂದು ತೀರ್ಮಾನವಾಯಿತು. ಹಿರಿಯರೆಲ್ಲ ಇದು ಧರ್ಮದ ಮಾತೆಂದು ತಲೆದೂಗಿದರು. ನುಂಕಪ್ಪ ಮಾತ್ರ ಕೈಕಟ್ಟಿ ನಿಂತೇ ಇದ್ದ.

"ಬುದ್ಧೀ, ತಗೊಂಡ್ರೆ ಪೂರಾ ತಗೊಳ್ಳಿ, ಬಿಟ್ರೆ ಪೂರಾ ಬಿಡಿ. ಅರೆಸುತ್ತು ತಿರುಗಿದ ಗಾಣದಲ್ಲಿ ಎಣ್ಣೆ ಬರಲ್ಲ" ಎಂದ.

"ತಗೊಂಡಿದ್ದಕ್ಕೆ ಬೆಲೆ ಕಟ್ಟೋದು ನನ್ನ ಕೆಲಸ ಕಣಪ್ಪ. ಗಾಣ ನಾವು ಮುಟ್ಟಿಲ್ಲ, ಮನೆ ಮುಟ್ಟಿಲ್ಲ. ಉಳಿದದ್ದೆಲ್ಲ ನಿನ್ನದೇ ಅಲ್ಲವೇ?" ಎಂದ ತಿಮ್ಮಣ್ಣಯ್ಯ.

ಹಾಗಾದರೆ ಬೇರೊಂದು ಗಾಣ ಕೊರೆಸಿಕೊಡಿ ಎಂದು ನುಂಕಪ್ಪ ಬೇಡಿಕೊಂಡ. ಅದು ಅಳತೆಗೆ ಸೇರಿದ್ದಲ್ಲ ಎಂಬ ಉತ್ತರ ಬಂತು. ನುಂಕಪ್ಪ ಹಿರಿಯರ ಮುಖ ನೋಡಿದ. ಅವನ ಎಣ್ಣೆ ಹಚ್ಚಿ ಮಕ್ಕಳನ್ನು ಎರೆದು ಬೆಳೆಸಿದವರು ಅವರು. ಅವರ ಮನೆಗಳೆಲ್ಲ ಕೋಟೆಯೊಳಗೆ ಸುರಕ್ಷಿತವಾಗಿ ಬಂದಿದ್ದವು. ಒಬ್ಬೊಬ್ಬರಾಗಿ ಎದ್ದು ಮನೆಯ ಕಡೆ ನಡೆದರು.

ಬುರುಜು ಎದ್ದಿತು. ಗಾಣಕ್ಕೆ ಕಟ್ಟಿದ ಎತ್ತು ರೂಢಿಯಂತೆ ನಡೆದು ಬಂದು, ಗೋಡೆಗೆ ಮೂತಿ ತಾಗಿಸಿ ನಿಂತುಬಿಡುತ್ತಿತ್ತು. ನುಂಕಪ್ಪ ಅದನ್ನು ಹೊಡೆಯಲಿಲ್ಲ. ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದ. ಕೆರೆಯ ಕೆಳಗಿನ ನೆಲಕ್ಕೆ ಅವನು ಕಾಲಿಡಲಿಲ್ಲವಾಗಿ ಅದನ್ನು ಗೌಡನೇ ಉತ್ತುಕೊಂಡ. ಹೊಟ್ಟೆ ಕೇಳಬೇಕಲ್ಲ, ಗಂಡಹೆಂಡಿರು ಅದೇ ಕೋಟೆಯ ಕೆಲಸಕ್ಕೆ ಕಲ್ಲು ಹೊರಲು ಹೋದರು. ಗಡಿಗೆ ಹಿಡಿದು ಎಣ್ಣೆಗೆ ಬಂದವರಿಗೆ ಸೂರಮ್ಮ, "ನಮ್ಮ ಹತ್ತಿರ ಅರೆಸುತ್ತು ಅದೆ. ಮಿಕ್ಕದ್ದು ಬುರುಜಿನ ಹತ್ತಿರ ಕೇಳ್ರಪ್ಪ" ಎನ್ನುತ್ತಿದ್ದಳಂತೆ. ನಾಯಕ ಆ ಬುರುಜಿಗೆ ತನ್ನ ತಾಯಿಯ ಹೆಸರಿಟ್ಟಿದ್ದ. ಆ ಹೆಸರು ಏನೆಂದು ಇಂದು ಯಾರಿಗೂ ಗೊತ್ತಿಲ್ಲ; ಜನರ ಬಾಯಲ್ಲಿ ಉಳಿದದ್ದು ಸೂರಮ್ಮನ ಮಾತು. ಇಷ್ಟಾಗಿ, ಆ ದಂಡು ಬರಲೇ ಇಲ್ಲ.

ಬುರುಜಿನ ಹಿಂಬದಿಗೆ ಹೋದವರು ಈಗಲೂ ನೋಡಬಹುದು. ಬಂಡೆಯ ಮೇಲೆ ಗೊರಸು ಸವೆಸಿದ ಹಾದಿಯೊಂದು ಗೋಡೆಯ ಬುಡದಿಂದ ಹೊರಟು, ಬಾಗಿ, ಮತ್ತೆ ಗೋಡೆಯ ಬುಡಕ್ಕೇ ಬಂದು ಕಾಣದಾಗುತ್ತದೆ. ನಡುವಿನ ಕಲ್ಲುಗಾಣದ ಗುಂಡಿಯಲ್ಲಿ ಅಕ್ಕಪಕ್ಕದ ಮನೆಯವರು ದನಗಳಿಗೆ ಕಲಗಚ್ಚು ಸುರಿಯುತ್ತಾರೆ.